ಶೆಗುಲಾಬಾಯಿಯ ತಲೆದೆಸೆಯ ಕಲ್ಲು

ನಾನು ಶಹಾಬಾದಿನ ಗಣಿಯಲ್ಲಿ ಹುಟ್ಟಿದ ಒಂದು ಕಲ್ಲು. ನನ್ನ ಒಡಹುಟ್ಟಿದವರು ಯಾರದೋ ಅಡುಗೆಮನೆ ಕಟ್ಟೆಯೋ ಬಚ್ಚಲೋ ಆದರು. ನನ್ನನ್ನು ಆರಿಸಿಕೊಂಡವನು ರೈಲ್ವೆ ಗಾರ್ಡ್ ಏಲೋಜಿ. ಅವನ ಹೆಂಡತಿ ಶೆಗುಲಾಬಾಯಿ ಹೆಣ್ಣು ಹೆತ್ತು ತೀರಿಕೊಂಡಿದ್ದಳು. ಸ್ಟೇಷನ್ನಿನಾಚೆ ಜಾಲಿಗಿಡಗಳ ನಡುವೆ, ಆ ಹಳ್ಳಿಯ ಬೆರಳೆಣಿಕೆಯ ಯೆಹೂದಿ ಮನೆಗಳವರಿಗೆ ಒಂದು ಸ್ಮಶಾನವಿತ್ತು. ಹೀಬ್ರೂ, ಮರಾಠಿ ಎರಡರಲ್ಲೂ ಕೆತ್ತಿಸಿ ನನ್ನನ್ನು ಅವಳ ತಲೆದೆಸೆಗೆ ನೆಟ್ಟರು. ನನಗೆ ಸ್ವಲ್ಪ ಜಂಭವೂ ಬಂತು.

ಅವರಲ್ಲಿ ಹೂಳಿದವರನ್ನು ಕದಲಿಸುವುದಿಲ್ಲ, ಗೋರಿಯನ್ನು ತುಳಿಯುವುದಿಲ್ಲ. ಆದರೆ ಬದುಕಿದ್ದವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಏಲೋಜಿಗೂ ವರ್ಗವಾಯಿತು. ಹೊರಡುವಾಗ ಅವನು ಸ್ಮಶಾನ ಕಾಯುತ್ತಿದ್ದ ಹರೆಯದ ಲಾಲಸಾಬನ ಕೈ ಹಿಡಿದುಕೊಂಡ.

"ಇಕಿನ್ನ ನಿನ್ನ ಉಡಿಯಾಗ ಹಾಕೇನಿ, ಲಾಲಸಾಬ."

"ನಾ ಇರೂತನಾ ಒಂದ ಕಲ್ಲೂ ಮಿಸುಕಂಗಿಲ್ಲರಿ, ಸಾಹೇಬರ."

ಲಾಲಸಾಬ ಮುದುಕನಾಗುವವರೆಗೂ ಆ ಮಾತು ನಡೆಸಿದ. ಮುಳ್ಳು ಕಡಿದ, ಆಡು ಅಟ್ಟಿದ, ಮಧ್ಯಾಹ್ನ ನನಗೇ ಬೆನ್ನು ಕೊಟ್ಟು ತೂಕಡಿಸಿದ. ಮನುಷ್ಯನೆಂದರೆ ಇವನೇ ಎಂದು ನಂಬಿದೆ, ಹುಚ್ಚು ಕಲ್ಲು ನಾನು.

ಆಮೇಲೆ ಪರಂಪರೆ ಉಳಿಸುವ ಸಮಿತಿಯೊಂದು ಬಂತು. ಅದರ ಮುಖಂಡ ಸುತ್ತ ನೋಡಿ, "ಕಲ್ಲ ಹ್ಯಾಂಗ ಬೇಕಾದಂಗ ವಾಲ್ಯಾವ. ಎಲ್ಲಾ ಕಿತ್ತು ಗ್ವಾಡಿಗುಂಟ ಸಾಲಾಗಿ ನಿಲ್ಲಸ್ರಿ. ನೋಡಾಕೂ ಚಂದ," ಅಂದ.

ನಾನು ಲಾಲಸಾಬನನ್ನು ನೋಡಿದೆ. ಅವನು "ಆಗ್ಲಿರಿ" ಅಂದು ತಾನೇ ಹಾರೆ ಎತ್ತಿಕೊಂಡ. ಬೇಲಿಯೇ ಎದ್ದು ಹೊಲ ಮೇಯಿತು.

ಗೋರಿಗಳನ್ನು ಮಟ್ಟ ಮಾಡಿ ನಡುವೆ ಓಡಾಡಲು ದಾರಿ ಹಾಕಿದರು. ನನ್ನನ್ನು ತಿಕ್ಕಿ ತೊಳೆದು ಅಕ್ಷರಗಳಿಗೆ ಕರಿ ಬಣ್ಣ ತುಂಬಿದರು. ಜನ ನನ್ನ ಫೋಟೋ ತೆಗೆದು, ಎಷ್ಟು ಚೆನ್ನಾಗಿ ಉಳಿಸಿದ್ದಾರೆ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಬೆಳಗಾವಿಯಿಂದ ಎಲಿಶೆಬಾ ಬಂದಳು. ಶೆಗುಲಾಬಾಯಿಯ ಮೊಮ್ಮಗಳು. ಗೋಡೆಯ ಸಾಲಿನಲ್ಲಿ ಹುಡುಕಿ ನನ್ನೆದುರು ನಿಂತಳು.

"ನಮ್ಮಜ್ಜಿ ಇಲ್ಲೇ ಅದಾಳಲ್ಲ, ಕಾಕಾ? ನಮ್ಮವ್ವ ಅಕಿ ಮಾರಿನೂ ನೋಡಿದಾಕಿ ಅಲ್ಲ. ಸಾಯೂ ಮುಂದ, ನನ್ನ ಬದಲಿ ನೀ ಅಕಿ ಬಾಜೂಕ ಒಂದೀಟ ಕುಂತ ಬಾ ಅಂದ್ಳು."

ಲಾಲಸಾಬ ನೆಲ ನೋಡಿದ. "ಹೂಂನವ್ವಾ, ಇಲ್ಲೇ."

ಅವಳು ನನ್ನ ಪಕ್ಕ ಕುಳಿತು, ತಾಯಿಯ ಸುದ್ದಿಯನ್ನೆಲ್ಲ ಹೇಳಿಕೊಂಡು ಅತ್ತಳು. ನಿನ್ನಜ್ಜಿ ಇಲ್ಲಿಲ್ಲ ಮಗಳೇ, ಅಗೋ ಅಲ್ಲಿ ಎಂದು ನಾನು ಹೇಗೆ ಹೇಳಲಿ? ನನ್ನ ಎದೆಯ ಮೇಲೆ ಕೆತ್ತಿದ ಮೊದಲ ಮಾತೇ 'ಇಲ್ಲಿ ಮಲಗಿದ್ದಾಳೆ'. ಲಾಲಸಾಬ ಒಂದು ಸಲ ಹೇಳಿದ ಸುಳ್ಳನ್ನು ನಾನು ಹಗಲೂ ರಾತ್ರಿ ಹೇಳುತ್ತಿದ್ದೇನೆ.

ಎಲಿಶೆಬಾ ಕಣ್ಣೊರೆಸಿಕೊಂಡು, ಹಗುರಾಗಿ ಎದ್ದು ಹೊಸ ದಾರಿ ಹಿಡಿದಳು. ನಡುವೆ ಒಂದು ಕಡೆ ನಿಂತು, ಕಾಲು ಝಾಡಿಸಿ ಚಪ್ಪಲಿಯ ಮಣ್ಣು ಉದುರಿಸಿದಳು.

ನಿಂತದ್ದು ಅಜ್ಜಿಯ ಎದೆಯ ಮೇಲೆ.