ಹೆಸರಿದ್ದ ಮಾಲು

ಮೂರು ಕುದುರೆಗಳ ಮೇಲೆ ಹೇರಿಕೊಂಡು ಬಂದ ಮಾಲನ್ನು ಎಲ್ಲಿ ಇಳಿಸಬೇಕು ಎಂದು ಮಲಕಾರಿ ಎರಡನೇ ಸಲ ಕೇಳಿದ. ಗೇಟು ಕಾಯುವ ಧೂಳಪ್ಪನಿಗೆ ಇನ್ನೂ ತಲೆಬುಡ ತಿಳಿದಿರಲಿಲ್ಲ. ಈ ಗೇಟಿನಿಂದ ಕಾರ್ಪೆಟ್ ಹೊರಗೆ ಹೋಗುವುದನ್ನು ಅವನು ಹನ್ನೊಂದು ವರ್ಷದಿಂದ ನೋಡಿದ್ದ. ಒಳಗೆ ಬರುವುದನ್ನು ಒಂದು ಸಲವೂ ನೋಡಿರಲಿಲ್ಲ. ಅದೂ ಕುದುರೆಯ ಮೇಲೆ. ಅದೂ ಇಂಥ ಅವತಾರದಲ್ಲಿ. ಕೆಸರು ಮೆತ್ತಿ ಒಣಗಿತ್ತು, ಜಾಲಿಮುಳ್ಳು ಚುಚ್ಚಿಕೊಂಡಿದ್ದವು, ಕೆಂಪು ಬಣ್ಣ ಬಿಸಿಲಿಗೆ ಅಲ್ಲಲ್ಲಿ ಬಿಳಿಚಿತ್ತು.

"ಎಲ್ಲಿಂದ ತಂದ್ಯೋ ಮಾರಾಯಾ ಇದನ್ನ?"

"ದಿಗ್ಗೇವಾಡಿ ಹೊಳಿ ದಂಡಿಲಿಂದ್ರಿ. ನಿನ್ನೆ ನಸಿಕಿನ್ಯಾಗ ಬಿಟ್ಟೆ."

"ಇಲ್ಲಿಗ್ಯಾಕ ತಂದಿ?"

ಇದೆಂಥ ಪ್ರಶ್ನೆ ಎಂಬಂತೆ ಮಲಕಾರಿ ಕಾರ್ಪೆಟ್ಟಿನ ಒಂದು ಮಗ್ಗುಲು ಮಗುಚಿ ತೋರಿಸಿದ. ಹಿಂದಿನ ಬದಿಯಲ್ಲಿ ಮೊಳಕ್ಕೊಂದರಂತೆ ನೀಲಿ ಅಕ್ಷರಗಳು ಸಾಲಾಗಿ ಅಚ್ಚಾಗಿದ್ದವು: ಬಾಪುಸಾಹೇಬ ಕಾರ್ಪೆಟ್, ಬೇಡಕಿಹಾಳ. ಕೆಳಗೆ ಫೋನ್ ನಂಬರು.

"ನನಗ ಓದಾಕ ಬರೂದಿಲ್ರಿ. ಸಾಲಿ ಮಾಸ್ತರ ಓದಿ ಹೇಳಿದ್ರು. ಫೋನೂ ಹಚ್ಚಿ ಕೊಟ್ರು. ಆ ಕಡಿಯಿಂದ ಎಷ್ಟ ಮೀಟರ ಬೇಕಂತ ಕೇಳಿದ್ರು. ನನಗೇನೂ ಬ್ಯಾಡ್ರಿ, ಇದು ನಿಮ್ಮದ ಐತಿ ಅಂದೆ. ಕಟ್ ಮಾಡಿದ್ರು."

ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಣ್ಣಾಳುಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುವಂಥದ್ದೇ ಬಿಡಿ. ಈ ಕಾರ್ಖಾನೆ ದೊಡ್ಡದೇನಲ್ಲ, ಎರಡು ಶೆಡ್ಡು, ಇಪ್ಪತ್ತು ಜನ. ಪ್ಲಾಸ್ಟಿಕ್ಕಿನ ಎಳೆಯನ್ನು ಪದರ ಪದರವಾಗಿ ಹರಡಿ, ಸಾವಿರ ಸೂಜಿಗಳಿಂದ ಕುಟ್ಟಿ, ಬೆನ್ನಿಗೆ ಅಂಟು ಬಳಿದು, ಪೆಂಡಾಲಿಗೆ ಹಾಸುವ ತೆಳು ಕಾರ್ಪೆಟ್ ಮಾಡುತ್ತಾರೆ. ಒಂದು ಮದುವೆಗೆ ಮೆರೆದು, ಎರಡನೆಯದಕ್ಕೆ ಹೇಗೋ ಮುಖ ಮುಚ್ಚಿಕೊಂಡು, ಮೂರನೆಯದಕ್ಕೆ ಕಸವಾಗುವ ಮಾಲು ಅದು. ಇದನ್ನು ಹೊತ್ತುಕೊಂಡು ಒಬ್ಬ ಕುರುಬ ಒಂದೂವರೆ ದಿನದ ದಾರಿ ನಡೆದು ಬಂದಿದ್ದ.

ಗದ್ದಲ ಕೇಳಿ ಆಫೀಸಿನಿಂದ ಅಭಿನಂದನ ಹೊರಗೆ ಬಂದ. ಕಾರ್ಖಾನೆಯ ಯಜಮಾನ ಬಾಪುಸಾಹೇಬರ ಮಗ. ಬೆನ್ನ ಮೇಲೆ ಹೆಸರು ಅಚ್ಚು ಹಾಕಿಸುವುದು ಅವನದೇ ತಲೆಯಿಂದ ಹೊರಟಿದ್ದು; ಪೆಂಡಾಲು ಬಿಚ್ಚುವಾಗಲೂ ಜಾಹೀರಾತು ಆಗಲಿ ಎಂದು. ಅವನ ಹಿಂದೆಯೇ ಬಾಪುಸಾಹೇಬರೂ ಬಂದರು. ಅರವತ್ತು ದಾಟಿದ ಗಟ್ಟಿ ಆಳು, ತಲೆಗೆ ಬಿಳಿ ಟೊಪ್ಪಿಗೆ.

"ಏನಾಗೇತಪಾ?" ಎಂದು ಅವರು ಕೇಳಿದರು.

ಮಲಕಾರಿ ಕೈಮುಗಿದ. "ಸಾವಕಾರ್ರ, ನಿಮ್ಮ ಮಾಲು ಹೊಳಿ ದಂಡ್ಯಾಗ ಉಳದೈತ್ರಿ. ಅಲ್ಲೊಂದ ದೊಡ್ಡ ಲಗ್ನ ಆತು. ಪೆಂಡಾಲದವರು ಬಿಚ್ಚಿ ಅಲ್ಲೇ ಬಿಟ್ಟ ಹೋದ್ರು. ಒಯ್ಯಾಕ ಬರ್ತೀರಿ ಅಂತ ಎಂಟ ದಿನ ಕಾಯ್ದೆ. ಯಾರಾರ ಕದ್ದಾರು ಅಂತ ಮಗ್ಗಲಕ ನಾಯಿ ಕಟ್ಟಿದ್ದೆ."

ಹೆಣ್ಣಾಳುಗಳು ಈ ಸಲ ಸೆರಗು ಒತ್ತಿಕೊಳ್ಳಲೂ ಇಲ್ಲ. ಬಾಪುಸಾಹೇಬರು ಒಮ್ಮೆ ಆ ಕಡೆ ನೋಡಿದ ಮೇಲೆ ನಗು ನಿಂತಿತು.

"ಇನ್ನೂ ಕಾಯ್ತಿದ್ನಿರಿ," ಮಲಕಾರಿ ಮುಂದುವರಿಸಿದ. "ಆದ್ರ ಕುರಿ ಅದಕ್ಕ ಬಾಯಿ ಹಾಕಾಕತ್ಯಾವ. ಹುಲ್ಲಿನ ಜೋಡಿ ಎಳಿನೂ ಹೊಟ್ಟಿಗಿ ಹೋಗತೈತಿ. ಮೂರ ಕುರಿ ಸತ್ತುವು. ಒಂದರ ಹೊಟ್ಟಿ ಕೊಯ್ದ ನೋಡಿದೆ, ಮುಟಗಿ ಗಾತ್ರದ ಕೆಂಪ ಉಂಡಿ. ಇನ್ನ ಐವತ್ತೇಳ ಅದಾವ. ಸುತ್ತ ಎಲ್ಲಾ ಕಬ್ಬ, ಬ್ಯಾರೆ ಕಡೆ ಕಾಲಿಡಾಕ ಜಾಗಾ ಇಲ್ಲ. ಮಳಿ ಬಿದ್ದ ಮ್ಯಾಲ ಕೊಕಟನೂರ ಕಡಿ ಗುಡ್ಡಕ್ಕ ಹೊಡಕೊಂಡ ಹೋಗ್ತೀವಿ. ಅಲ್ಲೀತನಕ ಆ ದಂಡಿನ ನಮಗ ಆಸರ. ಕುದರಿ ಮ್ಯಾಲ ಹಿಡಿಸಿದಷ್ಟ ತಂದೀನಿ. ಎರಡ ಟ್ರಾಲಿ ಆಗೂವಷ್ಟ ಇನ್ನೂ ಐತ್ರಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ಸಂತೆಯಲ್ಲಿ ಯಾರೋ ಮರೆತುಹೋದ ಚೀಲವನ್ನು ಮನೆ ಹುಡುಕಿಕೊಂಡು ಬಂದು ಕೊಡುವವನ ಹಾಗೆ ನಿಂತಿದ್ದ.

"ಏ, ಇದು ನಮ್ಮದಲ್ಲೋ," ಅಭಿನಂದನ ಹೇಳಿದ. "ನಾವು ಮಾರೇವಿ. ಮಾರಿದ ಮ್ಯಾಲ ಪೆಂಡಾಲದವರದು."

"ಅವರ ಹೆಸರ ಎಲ್ಲೈತ್ರಿ?"

ಅಭಿನಂದನ ನೀಲಿ ಅಕ್ಷರದ ಮಗ್ಗುಲನ್ನು ತಿರುಗಿಸಿ ಒಳಗೆ ಮಡಚಿದ.

ಮಲಕಾರಿ ಹೆಗಲ ಮೇಲಿನ ಕಂಬಳಿಯ ಮೂಲೆಯನ್ನು ಮುಂದೆ ಹಿಡಿದ. ಅಲ್ಲಿ ಬಿಳಿ ನೂಲಿನ ಮೂರು ಗಂಟುಗಳಿದ್ದವು. "ಇದು ನಮ್ಮ ಮನಿ ಗುರುತ್ರಿ. ನಮ್ಮಪ್ಪ ನೇಯ್ದಿದ್ದು. ಮಾರಿದ್ದು ಹರದ್ರ ನಾವ ಹೊಲದ ಕೊಡಬೇಕು. ಪೂರಾ ಜೀರ್ಣ ಆದ್ರ ನಾವ ತೊಗೋಬೇಕು. ಬಿಚ್ಚಿ ಕುದರಿ ಜೀನಕ್ಕ ತುಂಬತೀವಿ. ನೇಯ್ದವಗ ಬಿಟ್ರ ಬಿಚ್ಚೂ ಬಗಿ ಮತ್ಯಾರಿಗಿ ಗೊತ್ತಿರತೈತಿ? ನೀವೂ ಹಂಗ ಅಂತ ತಿಳದ್ನಿ. ಹೆಸರ ಹಾಕೀರಲ್ಲ."

ಬಾಪುಸಾಹೇಬರು ಆ ಗಂಟುಗಳನ್ನು ಮುಟ್ಟಿ ನೋಡಿದರು. ಕುದುರೆಗಳಿಗೆ ನೀರು, ಇವನಿಗೆ ಚಹಾ ಕೊಡಲು ಧೂಳಪ್ಪನಿಗೆ ಹೇಳಿ ಮಗನೊಂದಿಗೆ ಒಳಗೆ ಹೋದರು.

"ಅಪ್ಪಾ, ಇವಂದ ಇವತ್ತ ಇಳಿಸಿಕೊಂಡ್ರ ನಾಳೆ ಇಡೀ ಜಿಲ್ಲಾ ಬಂದ ಗೇಟಿನ ಮುಂದ ಸುರೀತೈತಿ," ಅಭಿನಂದನ ಫ್ಯಾನು ಜೋರು ಮಾಡುತ್ತ ಹೇಳಿದ. "ಅದನ್ನ ಮಷೀನಿಗೆ ಹಾಕಾಕ ಬರೂದಿಲ್ಲ. ಹಿಂದ ಅಂಟ ಐತಿ, ಒಳಗ ಮುಳ್ಳ ಅದಾವ, ಹಲ್ಲ ಮುರೀತಾವ. ಪರತ ತೊಗೋರಿ ಅಂತ ಕಾಯ್ದೆ ಇದ್ರ ಮಾತ ಬ್ಯಾರೆ. ಕಾರ್ಪೆಟ್ಟಿಗೆ ಅಂಥಾ ಕಾಯ್ದೆ ನನಗ ಗೊತ್ತಿದ್ದಂಗ ಇಲ್ಲ."

"ಇವನ ಮನ್ಯಾಗ ಐತಲ್ಲೋ."

"ಅದು ಕಂಬಳಿ." ಅಭಿನಂದನ ಸರಳ ಉಪಾಯ ಹೊಳೆದವನಂತೆ ಹೇಳಿದ, "ನಾಳೆಯಿಂದ ಹೆಸರ ಹಾಕೂದ ಬಂದ್ ಮಾಡೂಣು. ಹೆಸರ ಇಲ್ಲಂದ್ರ ಯಾರೂ ಬರೂದಿಲ್ಲ."

ಮಗನ ಮಾತು ತಪ್ಪೆಂದು ಬಾಪುಸಾಹೇಬರಿಗೆ ಅನಿಸಲಿಲ್ಲ ಎಂಬುದನ್ನು ಮುಚ್ಚಿಡಬಾರದು. ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ ಬೆಳೆದವರು. ಬಂದ ಪೀಡೆ ಇಷ್ಟು ಸುಲಭಕ್ಕೆ ತೊಲಗುವುದಾದರೆ ಯಾರು ಬೇಡ ಅನ್ನುತ್ತಾರೆ? ಅವರು ಹೂಂ ಎಂದರು. ಹಾಗೆ ಹೂಂ ಎಂದವರೇ, ತಂದದ್ದನ್ನು ಶೆಡ್ಡಿನ ಹಿಂದೆ ಇಳಿಸಿ ಹೋಗು ಎಂದು ಹೇಳಲು ಹೊರಗೆ ಬಂದರು.

ಮಲಕಾರಿ ಚಹಾ ಕುಡಿದು ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ. ಇವರನ್ನು ಕಂಡು ಮತ್ತೆ ಕೈಮುಗಿದ.

"ಸಾವಕಾರ್ರ, ಹೆಸರ ಹಾಕಿದ್ದಕ್ಕ ನಿಮಗ ಪುಣ್ಯಾ ಬರಲಿ. ಆ ಲಗ್ನದಾಗ ಹಸರ ಬಣ್ಣದ್ದೂ ಒಂದ ಇತ್ರಿ. ಹಿಂದ ಮುಂದ ಹೊಳ್ಳಿಸಿ ನೋಡಿದೆ, ಯಾರ ಹೆಸರೂ ಇರಲಿಲ್ಲ. ಮೊನ್ನೆ ಗಾಳಿಗೆ ಹಾರಿ ಹೊಳ್ಯಾಗ ಬಿತ್ತು. ಅದರ ಮಾಲಕ ಯಾರೋ ಏನೋ, ಪಾಪ. ಅವರಿಗಿ ಹೆಂಗ ಮುಟ್ಟಸ್ಲಿ ಹೇಳ್ರಿ."

ಬೈದಿದ್ದರೆ ಬಾಪುಸಾಹೇಬರು ತಿರುಗಿ ಬೈಯುತ್ತಿದ್ದರು. ಸತ್ತ ಕುರಿಗೆ ಪರಿಹಾರ ಕೇಳಿದ್ದರೆ ಚೌಕಾಶಿ ಮಾಡುತ್ತಿದ್ದರು, ಅದರಲ್ಲಿ ಅವರನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ. ಆದರೆ ಹೆಸರು ಹಾಕದೆ ತಪ್ಪಿಸಿಕೊಂಡವನನ್ನೇ ಕಳೆದುಕೊಂಡವನೆಂದು ತಿಳಿದು ಮರುಗುತ್ತಿರುವ ಈ ಮನುಷ್ಯನಿಗೆ ಏನು ಹೇಳುವುದು? ಅವರಿಗೆ ಕಿವಿ ಬಿಸಿಯಾಯಿತು. ಈಗಷ್ಟೇ ಒಳಗೆ ಹೂಂ ಅಂದದ್ದು ನೆನಪಾಯಿತು.

"ನೀ ಮುಂದ ನಡಿಯಪಾ," ಎಂದರು. "ನಾಡದ ಲಾರಿ ತೊಗೊಂಡ ನಾನ ಬರ್ತೀನಿ."

ಎರಡು ದಿನ ಬಿಟ್ಟು ಅವರು ಹೋದರು. ಲಾರಿಯಲ್ಲಿ ಎಂಟು ಆಳು, ಹಿಂದೆ ಕಾರಿನಲ್ಲಿ ಅಭಿನಂದನ. ಅಪ್ಪನಿಗೆ ಬಿಸಿಲು ಹತ್ತೀತೆಂದು ಬಂದೆ ಅಂದ. ದಂಡೆಯ ಮೇಲೆ ನಿಂತು ಇಬ್ಬರೂ ಉದ್ದಕ್ಕೂ ಕಣ್ಣಾಡಿಸಿದರು. ಎರಡು ಟ್ರಾಲಿ ಎಂದು ಮಲಕಾರಿ ಹೇಳಿದ್ದು ಕಣ್ಣಿಗೆ ಕಂಡದ್ದು ಮಾತ್ರ. ಮಣ್ಣಿನಡಿ ಅರ್ಧ ಹೂತದ್ದು, ಜಾಲಿಯ ಬುಡಕ್ಕೆ ಸುತ್ತಿಕೊಂಡದ್ದು, ಹರಿದು ಚಿಂದಿಯಾದದ್ದು ಬೇರೆಯೇ ಇತ್ತು. ಎಲ್ಲಿ ಮಗುಚಿದರೂ ನೀಲಿ ಅಕ್ಷರ. ಅಷ್ಟು ಸಲ ತಮ್ಮ ಹೆಸರನ್ನು ಅಂಥ ಜಾಗದಲ್ಲಿ ಓದುವುದು ಬಾಪುಸಾಹೇಬರಿಗೆ ಕಷ್ಟವಾಯಿತು. ಧೋತರ ಮೇಲೆ ಕಟ್ಟಿ ತಾವೂ ಇಳಿದರು.

ಮಲಕಾರಿಯ ಹೆಂಡತಿ ಹೊಳೆವ್ವ ಗುಡಿಸಿಲ ಮುಂದೆ ಒಂದು ತುಂಡನ್ನು ಚಾಚಿ ಹಾಕಿ, ಉಣ್ಣೆ ಬಡಿಯುವ ಕೋಲಿನಿಂದ ಬಡಿಯುತ್ತಿದ್ದಳು. ಏಟಿಗೆ ಮಣ್ಣು ಹಾರುತ್ತಿತ್ತು, ಮುಳ್ಳು ಉದುರುತ್ತಿದ್ದವು. ಅಭಿನಂದನ ನೋಡುತ್ತ ನಿಂತ.

"ಇದನ್ನ ನೆಟ್ಟಗ ಹಿಂಜಬೌದಾಗಿತ್ರಿ," ಅವಳು ಅಂದಳು. "ಆದ್ರ ಬೆನ್ನಿಗಿ ಏನೋ ಹಚ್ಚೀರಿ. ಅದು ಬಿಡವಲ್ದು."

"ಅಂಟು. ಅದಿಲ್ಲಂದ್ರ ಬಿರುಸ ಬರೂದಿಲ್ಲ."

"ನಾವು ಕಂಬಳಿಗಿ ಹುಣಸಿ ಬೀಜದ ಗಂಜಿ ಹಚ್ತೀವಿ. ಹಲಗಿ ಆದಂಗ ಆಗತೈತಿ. ಬಿಚ್ಚೂ ಕಾಲಕ್ಕ ನೀರಾಗ ನೆನಿ ಹಾಕಿದ್ರ ಗಂಜಿ ಬಿಟ್ಟ ಹೋಗತೈತಿ. ಬಿಚ್ಚಾಕ ಬರದಂಗ ಯಾಕ ಮಾಡೀರಿ?"

ಹತ್ತು ನಿಮಿಷ ಬಿಟ್ಟು ಅಭಿನಂದನ ಜಾಲಿ ಮರದ ನೆರಳಿನಲ್ಲಿ ಇಚಲಕರಂಜಿಯ ಯಾರಿಗೋ ಫೋನು ಹಚ್ಚಿ, ಮಗ್ಗದ ನೂಲಿಗೆ ಹಾಕುವ ಗಂಜಿಯ ವಿಷಯ ಮರಾಠಿಯಲ್ಲಿ ಕೇಳುತ್ತಿದ್ದುದನ್ನು ಬಾಪುಸಾಹೇಬರು ಕೇಳಿಸಿಕೊಂಡರು. ಕೇಳಿಸಿಕೊಂಡೂ ಕೇಳಿಸದವರಂತೆ ಚಿಂದಿ ಆರಿಸಿದರು.

ಲಾರಿ ಎರಡು ಸಲ ತುಂಬಿ ಹೋಗಿ ಬಂತು. ಮೂರನೆಯ ಸಲ ತುಂಬುವಾಗ ಹೊಳೆವ್ವ ಬಂದು ಬಾಪುಸಾಹೇಬರ ಎದುರು ನಿಂತಳು.

"ಸಾವಕಾರ್ರ, ಕೈ ತೊಳಕೋರಿ. ಹೊತ್ತ ಮುಳಗಾಕ ಬಂತು. ಆಮ್ಯಾಲ ನೀವು ಉಣ್ಣೂದಿಲ್ಲ."

ಬಾಪುಸಾಹೇಬರು ಬೆನ್ನು ನೆಟ್ಟಗೆ ಮಾಡಿ ಪಡುವಣ ನೋಡಿದರು. ನಿಜ. ಸೂರ್ಯ ಕಬ್ಬಿನ ತುದಿಯ ಮಟ್ಟಕ್ಕೆ ಇಳಿದಿದ್ದ. ಬೆಳಿಗ್ಗೆಯಿಂದ ಅವರು ಬಾಯಿಗೆ ಏನೂ ಹಾಕಿರಲಿಲ್ಲ. ತಂದ ಬುತ್ತಿ ಆಳುಗಳಿಗೇ ಸಾಲದೆ ಅವರಿಗೆ ಬಿಟ್ಟುಕೊಟ್ಟಿದ್ದರು.

"ನಿನಗ ಹೆಂಗ ಗೊತ್ತವ್ವಾ?"

"ವರ್ಷಕ್ಕೊಮ್ಮಿ ಜೈನರ ಹೊಲದಾಗ ಕುರಿ ನಿಲ್ಲಸ್ತೀವ್ರಿ. ನಿಮ್ಮ ಮಂದಿ ರೂಢಿ ಗೊತ್ತಿರದ ಏನು. ಹೊಸಾ ಗಡಿಗಿ ತರಿಸಿ ಅಡಗಿ ಮಾಡೀನಿ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಅನುಮಾನ ಮಾಡಬ್ಯಾಡ್ರಿ."

ಅವಳು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಬಾಪುಸಾಹೇಬರು ತೆರವಾದ ನೆಲದ ಮೇಲೆ ಕೂತು ಉಂಡರು. ಮಗ ಪಕ್ಕದಲ್ಲಿ ಕೂತು ಮೂರು ರೊಟ್ಟಿ ಹೊಡೆದ. ಕುರಿ ಸತ್ತ ಮನೆಯಲ್ಲಿ, ಕೊಂದವನಿಗೆ ಹೊತ್ತು ನೋಡಿ ಊಟ ಹಾಕುತ್ತಾರೆ ಎಂದರೆ ಆ ಋಣಕ್ಕೆ ಹೆಸರೇನು ಎಂದು ಅವರಿಗೆ ತಿಳಿಯಲಿಲ್ಲ. "ಭಾಳ ಉಪಕಾರ ಆತವ್ವಾ," ಎಂದಷ್ಟೇ ಹೇಳಿದರು.

"ನಮಗ ಆಗಿದ್ದ ಉಪಕಾರ್ರಿ," ಎಂದಳು ಹೊಳೆವ್ವ.

ಅಷ್ಟರಲ್ಲಿ ಮಲಕಾರಿ ಮೂರು ದಿನದಿಂದ ದೊಡ್ಡಿಯಲ್ಲಿ ಕೂಡಿಹಾಕಿದ್ದ ಕುರಿಗಳನ್ನು ಬಿಟ್ಟ. ಐವತ್ತೇಳು ಕುರಿ ಒಂದನ್ನೊಂದು ನೂಕುತ್ತ ದಂಡೆಗೆ ಇಳಿದು, ಹಸಿದ ಬಾಯಿಗಳನ್ನು ನೆಲಕ್ಕೆ ಹಚ್ಚಿದವು. ಹುಲ್ಲು ಹರಿಯುವ ಸದ್ದು ಕೂತಲ್ಲಿಗೆ ಕೇಳುತ್ತಿತ್ತು. ಮಲಕಾರಿ ಕೋಲಿನ ಮೇಲೆ ಗದ್ದ ಊರಿ ಆ ಸದ್ದನ್ನೇ ಕೇಳುತ್ತ ನಿಂತಿದ್ದ. ಅವನ ಮುಖ ಹಗುರಾಗಿತ್ತು.

ಇನ್ನು ಸ್ವಲ್ಪ ಹೊತ್ತಾದರೆ ಬಾಪುಸಾಹೇಬರಿಗೆ ನೀರೂ ಇಲ್ಲ. ಹೊಳೆವ್ವ ಹೊಳೆಯಿಂದ ಕೊಡ ತುಂಬಿ ತಂದು, ಬಿಳಿ ಅರಿವೆಯನ್ನು ಇಮ್ಮಡಿ ಮಡಚಿ ತಂಬಿಗೆಯ ಬಾಯಿಗೆ ಹಿಡಿದು ನಿಧಾನವಾಗಿ ಸೋಸಿದಳು. ಅದೂ ಅವಳಿಗೆ ಗೊತ್ತಿತ್ತು. ಸೋಸಿದ ಮೇಲೆ ಅರಿವೆಯನ್ನು ಅದೇ ಹೊಳೆಯಲ್ಲಿ ಜಾಲಿಸಬೇಕು, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ಜಾಗಕ್ಕೆ ಮರಳಬೇಕು ಎಂಬುದೂ ಗೊತ್ತಿತ್ತು. ತಂಬಿಗೆ ಕೊಟ್ಟು ಅವಳು ನೀರಿನ ಕಡೆ ಹೊರಟಳು.

"ತಡಿ, ಯವ್ವಾ."

ಬಾಪುಸಾಹೇಬರು ಅರಿವೆಯನ್ನು ಕೈಗೆ ತೆಗೆದುಕೊಂಡು ಉಳಿದ ಬೆಳಕಿಗೆ ಹಿಡಿದರು. ಒದ್ದೆ ಬಿಳುಪಿನ ಮೇಲೆ ಎರಡು ಕೆಂಪು ಎಳೆ ಅಂಟಿದ್ದವು, ಕೂದಲಿಗಿಂತ ಸಣ್ಣವು. ಉಗುರಿನಿಂದ ಒಂದೊಂದಾಗಿ ಬಿಡಿಸಿ, ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಅವರು ಅರಿವೆಯನ್ನು ಅವಳಿಗೆ ಕೊಟ್ಟರು.

"ಈಗ ಜಾಲಿಸು," ಎಂದರು.