ಮೇಸ್ತ್ರಿಯ ಹೆಂಡತಿಯ ಕಾರು

ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆಂದು ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು. ಗಾಡಿ ಗೇಟಿನ ಒಳಗೆ ಬರುವಷ್ಟರಲ್ಲೇ "ಒಂದು ಪ್ಲಗ್ಗು ಸತ್ತಿದೆ ಸಾರ್" ಎಂದುಬಿಡುತ್ತಿದ್ದ, ಅದು ಸತ್ತೇ ಇರುತ್ತಿತ್ತು. ಅವನ ಗ್ಯಾರೇಜಿನ ಮುಂದೆ ಯಾವಾಗಲೂ ಗಾಡಿಗಳ ಸಾಲು. ಮನೆಯ ಅಂಗಳದಲ್ಲಿ ಮಾತ್ರ ಹೆಂಡತಿಯ ಹಳೆಯ ಕಾರು ಬೆಳಗಾದರೆ ಗೂರಲು ಹಿಡಿದವರಂತೆ ಕೆಮ್ಮುತ್ತಿತ್ತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅವಳು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಆ ಕಾರಿನಿಂದ ಅವಳಿಗೆ ಆಗಬೇಕಾದ ಕೆಲಸ ಒಂದೇ. ಪಟ್ಟಣದ ಇನ್ನೊಂದು ತುದಿಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ವಾರಕ್ಕೆರಡು ಸಲ ಹೋಗಿ ಅಕ್ಕನ ಮೈ ಒರೆಸಿ, ತಲೆ ಬಾಚಿ, ಉಗುರು ಕತ್ತರಿಸಿ, ನೆಂಟರಿಷ್ಟರನ್ನೆಲ್ಲ ಬಾಯಿತುಂಬ ಆಡಿಕೊಂಡು ಬಂದರೆ ಅವಳಿಗೂ ಹಗುರ, ಅಕ್ಕನಿಗೂ ಹಗುರ.

"ರೀ, ಸ್ಟಾರ್ಟ್ ಆದ್ಮೇಲೂ ಗಡಗಡ ನಡುಗುತ್ತೆ. ಸಿಗ್ನಲ್ಲಲ್ಲಿ ಕಾಲು ತೆಗೆದ್ರೆ ಸಾಕು, ಆಫ್ ಆಗುತ್ತೆ. ಒಳಗೆಲ್ಲೋ ಉಸ್ ಅಂತ ಸದ್ದು ಬೇರೆ."

"ಹಾವೇನಾದ್ರೂ ಸೇರ್ಕೊಂಡಿದೆಯೇನೋ ನೋಡು," ಎಂದು ಅವನು ತನ್ನ ಮಾತಿಗೆ ತಾನೇ ನಕ್ಕಿದ್ದ. "ಚೋಕ್ ಎಳ್ದು, ಆಕ್ಸಿಲೇಟರ್ ಮೇಲೆ ಸ್ವಲ್ಪ ಕಾಲಿಟ್ಟಿರು. ನಾಳೆ ನೋಡ್ತೀನಿ."

ಆ ನಾಳೆ ಬರಲೇ ಇಲ್ಲ. ದಿನವಿಡೀ ಊರವರ ಇಂಜಿನ್ನುಗಳ ಜೊತೆ ಹೆಣಗಾಡಿ ಬಂದವನಿಗೆ ಮನೆಯಲ್ಲಿ ಮತ್ತೊಂದು ಬಾನೆಟ್ ಎತ್ತುವುದೆಂದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ದಿನ ನಾಲ್ಕು ರಸ್ತೆ ಕೂಡುವಲ್ಲಿ ಕಾರು ನಿಂತುಹೋಯಿತು. ಹಿಂದಿನ ಲಾರಿಯವನು ಬಾಯಿಗೆ ಬಂದಂತೆ ಬೈದ. ಅವಳು ಹೇಗೋ ಕಾರನ್ನು ಮನೆ ಮುಟ್ಟಿಸಿ, ಕೀಲಿಯನ್ನು ಮೊಳೆಗೆ ತಗುಲಿಹಾಕಿದಳು. ಆಮೇಲೆ ಬಸ್ಸೇ ಗತಿ. ಎರಡು ಬಸ್ಸು ಬದಲಿಸಬೇಕು, ಮೊಣಕಾಲು ನೋವು ಬೇರೆ. ವಾರಕ್ಕೆರಡು ಸಲ ಹೋಗುತ್ತಿದ್ದವಳು ಒಂದು ಸಲಕ್ಕೆ ಇಳಿದಳು, ಕೊನೆಕೊನೆಗೆ ಅದೂ ತಪ್ಪತೊಡಗಿತು. ಮೇಸ್ತ್ರಿ ಇದನ್ನು ನೋಡಲಿಲ್ಲವೆಂದಲ್ಲ. ನೋಡಿಯೂ ಸುಮ್ಮನಿದ್ದ.

ಒಂದು ಬೆಳಿಗ್ಗೆ ಅಕ್ಕನ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಬೇಗ ಬಾ. ಅಮ್ಮ ನಿನ್ನೇ ಕೇಳ್ತಿದಾಳೆ."

ಅವಳು ಕೀಲಿ ತೆಗೆದುಕೊಂಡು ಅಂಗಳಕ್ಕೆ ಓಡಿದಳು. ಸೆಲ್ಫ್ ಹೊಡೆದಳು, ಹೊಡೆದೇ ಹೊಡೆದಳು. ಇಂಜಿನ್ ಒಮ್ಮೆ ಹಿಡಿದಂತೆ ಮಾಡಿ ಕೈಕೊಟ್ಟಿತು. ಕೊನೆಗೆ ಬ್ಯಾಟರಿಯೂ ಮಲಗಿತು. ಗ್ಯಾರೇಜಿಗೆ ಫೋನ್ ಮಾಡಿದರೆ ಮೇಸ್ತ್ರಿ ಯಾರದೋ ಗಾಡಿಯ ಕೆಳಗಿದ್ದ. ವಿಷಯ ತಿಳಿದು, ಗಿರಾಕಿಯ ಕಾರನ್ನೇ ತಂದು ಅವಳನ್ನು ಕರೆದೊಯ್ಯುವಷ್ಟರಲ್ಲಿ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವಳು ಊಟಕ್ಕೆ ಬಡಿಸಿದಳು, ಅವನ ಎಣ್ಣೆಗಪ್ಪಿನ ಅಂಗಿ ಒಗೆದಳು, ಏನು ಕೇಳಿದರೂ ಹೂಂ ಅಥವಾ ಊಹೂಂ ಎಂದಳು.

ಕೆಲವು ವಾರ ಕಳೆದ ಮೇಲೆ, ಗ್ಯಾರೇಜಿಗೆ ರಜೆಯಿದ್ದ ದಿನ, ಅವನು ಯಾರೂ ಹೇಳದೆ ಆ ಕಾರಿನ ಬಾನೆಟ್ ಎತ್ತಿದ. ಬ್ಯಾಟರಿ ಚಾರ್ಜ್ ಮಾಡಿ ಕೂರಿಸಿದ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದ, ಕಿಡಿ ಚೆನ್ನಾಗಿತ್ತು. ಕಾರ್ಬೊರೇಟರ್ ಬಿಚ್ಚಿ ತೊಳೆದ, ಅದರಲ್ಲೂ ಹೇಳಿಕೊಳ್ಳುವಂಥ ಕಸವಿರಲಿಲ್ಲ. ಹೇಗೋ ಸ್ಟಾರ್ಟ್ ಮಾಡಿದರೆ ಇಂಜಿನ್ ಮತ್ತೆ ಚಳಿಜ್ವರ ಬಂದವರಂತೆ ನಡುಗಿತು. ಆಗ ಅವನು ಬಗ್ಗಿ ಕಿವಿಗೊಟ್ಟ.

ಉಸ್ ಎನ್ನುತ್ತಿತ್ತು. ಅವಳು ಹೇಳಿದ್ದ ಹಾಗೆಯೇ.

ಇಂಜಿನ್ನಿನ ಹಿಂಬದಿಯಲ್ಲಿ ಬೆರಳುದ್ದದ ಒಂದು ರಬ್ಬರ್ ಪೈಪು, ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಸೀಳಿತ್ತು. ಸೇದಬಾರದ ಗಾಳಿಯನ್ನು ಇಂಜಿನ್ ಅಲ್ಲಿಂದ ಸೇದುತ್ತಿತ್ತು. ಅವನು ಸೀಳನ್ನು ಬೆರಳಿನಿಂದ ಒತ್ತಿ ಹಿಡಿದ. ನಡುಕ ತಟ್ಟನೆ ನಿಂತು, ಇಂಜಿನ್ ನಿದ್ದೆಹೋದ ಕೂಸಿನಂತೆ ಉಸಿರಾಡತೊಡಗಿತು.

ಹೊಸ ತುಂಡು ಹಾಕಿ ಕ್ಲಿಪ್ಪು ಬಿಗಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಇಂಜಿನ್ ಒಳಗೇ ದೊಡ್ಡ ತೊಂದರೆ ಇತ್ತು, ಮೊದಲೇ ನೋಡಿದ್ದರೂ ಆಗುತ್ತಿರಲಿಲ್ಲ ಎಂದುಬಿಟ್ಟರೆ? ಅವಳು ನಂಬುತ್ತಾಳೆ. ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಆಡಿಯೂ ನೋಡಿದ.

ಸದ್ದು ಕೇಳಿ ಅವಳು ಹೊರಗೆ ಬಂದಳು. "ಏನಾಗಿತ್ತು?"

ಅವನು ಹಳೆಯ ಪೈಪನ್ನು ಅವಳ ಕೈಗಿತ್ತ. "ಇದು ಸೀಳಿತ್ತು."

ಅವಳು ಅದನ್ನು ಬಗ್ಗಿಸಿದಳು. ಸೀಳು ಬಾಯಿ ತೆರೆಯಿತು. "ಇಷ್ಟೇನಾ?"

"ಇಷ್ಟೇ ಕಣೇ. ನೀನು ಹೇಳಿದ್ದೆ, ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು."

ಅವಳು ಪೈಪನ್ನು ಮೆಟ್ಟಿಲ ಮೇಲಿಟ್ಟಳು. ಆಮೇಲೆ, "ಅಕ್ಕ ಬಾಗಿಲ ಕಡೇನೇ ನೋಡ್ತಿದ್ಲಂತೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ನಾನು ಇದನ್ನ ಓಡಿಸ್ಕೊಂಡು ಎಲ್ಲಿಗ್ರೀ ಹೋಗ್ಲಿ? ಅಕ್ಕನ ಮಗಳಿಗೆ ಕೊಟ್ಬಿಡೋಣ. ಕೆಲಸಕ್ಕೆ ಅಷ್ಟು ದೂರ ಹೋಗ್ತಾಳೆ ಪಾಪ."

ಮರುದಿನವೇ ಇಬ್ಬರೂ ಹೋಗಿ ಕಾರು ಕೊಟ್ಟು ಬಂದರು. ಹುಡುಗಿ ಕೀಲಿ ತಿರುಗಿಸಿದಳು, ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. "ಎಷ್ಟು ಮೆತ್ತಗೆ ಓಡುತ್ತೆ ಚಿಕ್ಕಪ್ಪ! ನಿಮ್ಮ ಕೈಗುಣಾನೇ ಹಾಗೆ," ಎಂದು ಹಿಗ್ಗಿದಳು. ಮೇಸ್ತ್ರಿ ನೆಲ ನೋಡುತ್ತ ನಿಂತ.

ಮನೆಗೆ ಮರಳಲು ರಸ್ತೆ ದಾಟಬೇಕಿತ್ತು. ವಾಹನಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಮೊಣಕಾಲು ಹಿಡಿದುಕೊಂಡಿತೋ ಏನೋ, ಅವಳು ಅವನ ತೋಳು ಹಿಡಿದಳು. ಆಚೆ ಬದಿ ಮುಟ್ಟಿದ ಮೇಲೆ ಬಿಟ್ಟಳು. ಇನ್ನೂ ಸ್ವಲ್ಪ ಹೊತ್ತು ಹಿಡಿದಿರು ಎಂದು ಕೇಳುವ ಮುಖ ಅವನಿಗಿರಲಿಲ್ಲ.