ಕಾಜಾ ಅಜ್ಜಿ ಕೊಟ್ಟ ಮೂರು ನಕ್ಷತ್ರ

ಆ ಮನೆಗೆ ಏನೇ ಸಾಮಾನು ಬರಲಿ, ಡಬ್ಬಿ ಬಿಚ್ಚಿದ ಅರ್ಧ ಗಂಟೆಯೊಳಗೆ ಅದಕ್ಕೆ ಐದು ನಕ್ಷತ್ರ ಸಿಕ್ಕಿಬಿಡುತ್ತಿತ್ತು. ಕೊಡುತ್ತಿದ್ದವನು ಮನೆಯ ಯಜಮಾನ. ಮೂಲೆಯ ಕಟಿಂಗ್ ಶಾಪ್ ಅವನದು. ಬೀದಿಯವರೆಲ್ಲ ಅವನನ್ನು ಸೂಪರಣ್ಣ ಎಂದೇ ಕರೆಯುವುದು. ಕ್ಷೌರ ಮುಗಿಸಿ, ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು, ಗಿರಾಕಿ ಬಾಯಿ ತೆರೆಯುವ ಮೊದಲೇ ತಾನೇ "ಸೂಪರ್" ಎನ್ನುವುದು ಅವನ ಇಪ್ಪತ್ತೆರಡು ವರ್ಷದ ಅಭ್ಯಾಸ. ಆ ಮಾತನ್ನು ಸುಳ್ಳೆಂದು ಯಾರೂ ಹೇಳಿದ್ದಿಲ್ಲ, ನಿಜವೆಂದು ಯಾರೂ ನೆಚ್ಚಿಕೊಂಡದ್ದೂ ಇಲ್ಲ. ಕುರ್ಚಿಯಿಂದ ಏಳಬಹುದು ಎನ್ನುವುದಕ್ಕೆ ಅದೊಂದು ಮರ್ಯಾದೆಯ ಮಾತು, ಅಷ್ಟೆ.

ತೊಂದರೆ ಏನೆಂದರೆ, ಅದೇ ಅಭ್ಯಾಸ ಅವನ ಫೋನಿಗೂ ಹತ್ತಿಕೊಂಡಿತ್ತು. ಇಸ್ತ್ರಿಪೆಟ್ಟಿಗೆ, ಟಾರ್ಚು, ಇಯರ್‌ಫೋನು, ಎಲ್ಲಕ್ಕೂ ಐದು ನಕ್ಷತ್ರ. ಎಲ್ಲದರ ಕೆಳಗೂ ಒಂದೇ ಸಾಲು: ಸೂಪರ್, ಪ್ಯಾಕಿಂಗ್ ಚೆನ್ನಾಗಿದೆ. ಅವನ ಹೆಂಡತಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಂದಕ್ಷರ ತಪ್ಪಿದರೂ ಕೆಂಪು ಶಾಯಿ ಹಚ್ಚುವ ಕೆಲಸ ಅವಳದು. ಎರಡೇ ವಾರಕ್ಕೆ ಇಯರ್‌ಫೋನಿನ ಒಂದು ಕಿವಿ ಮೂಕವಾದಾಗ ಅವಳು ಹೇಳಿದ್ದಳು, "ರೀ, ಐದರಲ್ಲಿ ಎರಡೂವರೆ ವಾಪಸ್ ತಗೊಳ್ಳಿ. ಇನ್ನೊಂದು ಕಿವಿದು ಬೇಕಾದ್ರೆ ಇರಲಿ." ಅವನು ನಕ್ಕುಬಿಟ್ಟಿದ್ದ. ಯಾರದೋ ಅನ್ನಕ್ಕೆ ಕಲ್ಲು ಹಾಕುವುದು ತನ್ನಿಂದಾಗದು ಎಂಬುದು ಅವನ ವಾದ.

ಅವನ ತಾಯಿಗೆ ಎಪ್ಪತ್ತೊಂದು. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿಗೆ ಕಾಜಾ ಎನ್ನುತ್ತಾರೆ. ಅದರ ಅಂಚನ್ನು ದಾರದಿಂದ ಬಿಗಿದು ಹೊಲಿಯುವ ಕೆಲಸವನ್ನು ಆಕೆ ನಲವತ್ತೆಂಟು ವರ್ಷ ಮಾಡಿದ್ದರು. ಯಂತ್ರದ ಕಾಜಾ ಒಪ್ಪದ ದರ್ಜಿಗಳು ಅಂಗಿಗಳ ಗಂಟು ಹೊತ್ತು ಈ ಮನೆಯ ಬಾಗಿಲಿಗೆ ಬರುತ್ತಿದ್ದರು. ಹಾಗಾಗಿ ಆಕೆ ಎಲ್ಲರಿಗೂ ಕಾಜಾ ಅಜ್ಜಿ. ಆಕೆಯದೊಂದು ಕಟ್ಟಳೆ ಇತ್ತು. ಮುಗಿದ ಪ್ರತಿ ಕಾಜಾಕ್ಕೂ ಗುಂಡಿ ಹಾಕಿ ತೆಗೆದು, ಹಾಕಿ ತೆಗೆದು, ಮೂರು ಸಲ ನೋಡದೆ ಅಂಗಿ ಕೈಬಿಟ್ಟು ಹೋಗುವಂತಿಲ್ಲ. ಕಣ್ಣು ಒಪ್ಪಿದರೆ ಸಾಲದು, ಗುಂಡಿ ಒಪ್ಪಬೇಕು ಎನ್ನುತ್ತಿದ್ದರು.

ಒಂದು ದಿನ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಚಿಕಿತ್ಸೆಯಿಂದ ನಾಲ್ಕು ಬೆರಳು ಒಂದೊಂದಾಗಿ ಮಾತು ಕೇಳತೊಡಗಿದವು. ಹೆಬ್ಬೆರಳೊಂದು ಮುನಿಸಿಕೊಂಡೇ ಇತ್ತು. ಹೆಬ್ಬೆರಳಿಲ್ಲದೆ ಸೂಜಿ ಹಿಡಿಯುವುದೆಂತು?

ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಫಿಸಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಅಜ್ಜಿ ಆಕೆಯನ್ನು ಡಾಕ್ಟರಮ್ಮ ಎನ್ನುವುದು, ನಾನು ಡಾಕ್ಟರಲ್ಲ ಅಜ್ಜಿ ಎಂದು ಆಕೆ ತಿದ್ದುವುದು, ಇದು ಪ್ರತಿ ಸಲದ ಮೊದಲ ವ್ಯಾಯಾಮ. ರಬ್ಬರ್ ಚೆಂಡು ಹಿಂಡಿ ಹಿಂಡಿ ಅಜ್ಜಿಗೆ ಸಾಕಾಗಿದೆ ಎಂದು ಕಂಡಾಗ ಆಕೆ ಒಂದು ಉಪಾಯ ಹೇಳಿದಳು. ಟಿವಿಗೆ ಜೋಡಿಸುವ ಸಣ್ಣ ವಿಡಿಯೋ ಗೇಮ್ ತರಿಸಿ. ಅದರ ರಿಮೋಟಿನ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿದರೆ ಪರದೆಯ ಮೇಲೆ ಹಕ್ಕಿ ರೆಕ್ಕೆ ಬಡಿಯುತ್ತದೆ, ಒತ್ತದಿದ್ದರೆ ಕೆರೆಗೆ ಬೀಳುತ್ತದೆ. ಆಟದ ಗುಂಗಿನಲ್ಲಿ ಬೆರಳು ದಿನಕ್ಕೆ ನೂರಾರು ಸಲ ಒತ್ತುತ್ತದೆ. ಈಗಿನ ಕೆಲವು ತಿಂಗಳುಗಳಲ್ಲಿ ಮಾಡಿದ ಅಭ್ಯಾಸಕ್ಕೆ ಬೆಲೆ ಹೆಚ್ಚು, ಆಮೇಲೆ ಇದೇ ಕೆಲಸ ಕಷ್ಟವಾಗುತ್ತದೆ. ಬಂದ ಮೇಲೆ ನೀವೇ ಒಮ್ಮೆ ಆಡಿ ನೋಡಿ ಕೊಡಿ ಎಂದೂ ಆಕೆ ಹೇಳಿದ್ದಳು. ಆ ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂಪರಣ್ಣ ಅಂದೇ ಫೋನಿನಲ್ಲಿ ಹುಡುಕಿ, ಹೆಚ್ಚು ನಕ್ಷತ್ರವಿದ್ದುದನ್ನೇ ತರಿಸಿದ. ಡಬ್ಬಿಯೊಳಗೊಂದು ಹೊಳೆಯುವ ಚೀಟಿ ಇತ್ತು: ಇಪ್ಪತ್ನಾಲ್ಕು ಗಂಟೆಯೊಳಗೆ ಐದು ನಕ್ಷತ್ರ ಕೊಟ್ಟರೆ ಮೊಬೈಲ್ ಸ್ಟ್ಯಾಂಡ್ ಉಚಿತ. ಅವನಿಗೆ ಚೀಟಿಯ ಅಗತ್ಯವೇ ಇರಲಿಲ್ಲ. ವೈರು ಜೋಡಿಸುವ ಮೊದಲೇ ಐದು ನಕ್ಷತ್ರ ಹೊರಟಿತು. ಮರುದಿನ ಅದರ ಕೆಳಗೆ ಗುರುತಿಲ್ಲದ ಒಬ್ಬರು ಕೇಳಿದ್ದರು: ನಮ್ಮ ತಂದೆಯವರ ಕೈಯಲ್ಲಿ ಬಲ ಕಡಿಮೆ, ಅವರಿಗೆ ಇದು ಆಗಬಹುದೇ? ಗಿರಾಕಿಯ ಕುತ್ತಿಗೆಗೆ ಪೌಡರ್ ಹಚ್ಚುತ್ತಲೇ ಇವನು ಉತ್ತರ ಕೊಟ್ಟ: ಕಣ್ಣು ಮುಚ್ಚಿ ತಗೊಳ್ಳಿ.

ಅಜ್ಜಿ ಮೊದಲ ಕೆಲವು ದಿನ ಹುರುಪಿನಿಂದಲೇ ಆಡಿದರು. ಆಟದ ಬಗ್ಗೆ ಅಭಿಪ್ರಾಯಕ್ಕೇನೂ ಕೊರತೆ ಇರಲಿಲ್ಲ. ಸಂಗೀತ ತಗಡು ಬಡಿದ ಹಾಗಿದೆ, ಅಕ್ಷರ ಇರುವೆ ಸಾಲು, ಆದರೆ ಮೂರನೆಯ ಹಂತದ ಕೆರೆ ಮಾತ್ರ ಕಣ್ಣಿಗೆ ತಂಪು. ಹಕ್ಕಿಯೋ, ಒತ್ತಿದರೂ ಬೀಳುತ್ತಿತ್ತು. "ಹಾರು ಅಂದ್ರೆ ಈಜೋಕೆ ಹೋಗುತ್ತಲ್ಲೇ ಇದು," ಎಂದು ಸೊಸೆಯ ಹತ್ತಿರ ನಕ್ಕರು. ಎರಡನೆಯ ವಾರ ನಗು ನಿಂತಿತು. ಒತ್ತುತ್ತಿದ್ದೇನೆ ಎಂದು ಮನಸ್ಸಿಗೆ ಅನ್ನಿಸುತ್ತದೆ, ಬೆರಳು ಒತ್ತುತ್ತಿಲ್ಲ ಎಂದರು. ಮಗ ಧೈರ್ಯ ಹೇಳಿದ, ಸೊಸೆ ಸಮಾಧಾನ ಹೇಳಿದಳು. ಯಂತ್ರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಐದು ನಕ್ಷತ್ರದ ವಸ್ತುವನ್ನು ಶಂಕಿಸುವುದಕ್ಕಿಂತ ಎಪ್ಪತ್ತೊಂದು ವರ್ಷದ ಬೆರಳನ್ನು ಶಂಕಿಸುವುದು ಆ ಮನೆಗೆ ಸುಲಭವಾಗಿತ್ತು.

ಹನ್ನೊಂದನೆಯ ದಿನ ಅಜ್ಜಿ ಆಟವನ್ನೂ ಚೆಂಡನ್ನೂ ಒಟ್ಟಿಗೆ ಬದಿಗಿಟ್ಟರು. ಸೂಜಿಡಬ್ಬಿಯನ್ನು ಸೊಸೆಯ ಕೈಗಿತ್ತು, ದರ್ಜಿಯ ಮಗಳಿಗೆ ಕೊಟ್ಟುಬಿಡು, ತುಕ್ಕು ಹಿಡಿಯೋದು ಬೇಡ ಎಂದರು. ಸೊಸೆ ಕೊಡಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಬಚ್ಚಿಟ್ಟಳು.

ಮರುದಿನ ಫಿಸಿಯೋ ಹುಡುಗಿ ಬಂದಳು. ಕೈಯ ಹಿಡಿತ ಅಳೆಯುವ ಸಣ್ಣ ಉಪಕರಣವನ್ನು ಅಜ್ಜಿಯ ಕೈಗಿಟ್ಟು ಒತ್ತಿಸಿದಳು. ಮುಳ್ಳು ಕಳೆದ ಸಲಕ್ಕಿಂತ ಮೇಲೇರಿತ್ತು. ಹೆಬ್ಬೆರಳನ್ನು ಬೇರೆಯಾಗಿ ಒತ್ತಿಸಿದಳು. ಅದೂ ಏರಿತ್ತು. ಅಜ್ಜಿ ನಂಬಲಿಲ್ಲ. ಹಕ್ಕಿ ಸುಳ್ಳು ಹೇಳುತ್ತದಾ ಎಂದರು.

"ನನ್ನ ಮುಳ್ಳು ಏರಿದೆ ಅನ್ನುತ್ತೆ, ನಿಮ್ಮ ಹಕ್ಕಿ ಇಳಿದಿದೆ ಅನ್ನುತ್ತೆ," ಎಂದಳು ಹುಡುಗಿ. "ಎರಡೂ ಸರಿ ಇರೋಕೆ ಆಗಲ್ಲ ಅಜ್ಜಿ. ಕೊಡಿ ಇಲ್ಲಿ, ನಾನು ಒತ್ತಿ ನೋಡ್ತೀನಿ."

ಆಕೆ ಇಪ್ಪತ್ತು ಸಲ ಒತ್ತಿದಳು. ಸೊಸೆ ಎಣಿಸಿದಳು. ಹಕ್ಕಿ ರೆಕ್ಕೆ ಬಡಿದದ್ದು ಹನ್ನೆರಡು ಸಲ. ಸೊಸೆ ಒತ್ತಿದಾಗ ಹದಿಮೂರು. ಇದು ದಿನವಿಡೀ ಕತ್ತರಿ ಆಡಿಸೋ ಬೆರಳು ಎಂದು ಸೂಪರಣ್ಣ ತೋಳೇರಿಸಿ ಕುಳಿತ. ಅವನಿಗೆ ಹನ್ನೊಂದು.

ಅಜ್ಜಿ ತಮ್ಮ ಹೆಬ್ಬೆರಳನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ನಂದು ಸತ್ತಿಲ್ವಾ?"

"ಜೀವಂತವಾಗಿದೆ ಅಜ್ಜಿ. ಸತ್ತಿರೋದು ಬಟನ್."

ಇದನ್ನು ಇದ್ದ ಹಾಗೆ ಬರೆದು ಹಾಕಿ, ವಾಪಸಾತಿಯ ಹದಿನೈದು ದಿನ ಇನ್ನೂ ಮುಗಿದಿಲ್ಲ, ಬದಲಿಯನ್ನೂ ಕೇಳಿ ಎಂದು ಆಕೆ ಸೂಪರಣ್ಣನಿಗೆ ಹೇಳಿದಳು. ಅವನು ಕತ್ತು ಕೆರೆದುಕೊಂಡ. ಬದಲಿ ಕೇಳುವುದಕ್ಕೇನೋ ಅಡ್ಡಿಯಿಲ್ಲ, ಆದರೆ ಸೂಪರ್ ಎಂದ ಬಾಯಲ್ಲೇ ಸರಿಯಿಲ್ಲ ಎನ್ನುವುದು ಹೇಗೆ? ಸಾವಿರಾರು ಜನ ಬರೆದಿರುವಲ್ಲಿ ತನ್ನೊಬ್ಬನ ಮಾತನ್ನು ಯಾರು ಓದುತ್ತಾರೆ?

"ಸಾವಿರ ಜನರೂ ನಿಮ್ಮ ಹಾಗೇ ಅಂದುಕೊಂಡಿದ್ರೆ, ಅಣ್ಣ?" ಎಂದಳು ಆಕೆ. "ನೀವು ಇದನ್ನ ತರಿಸಿದ್ದೂ ಅವರನ್ನ ಓದಿಯೇ ಅಲ್ವಾ?"

ಯಾರೂ ಓದುವುದಿಲ್ಲ ಎಂದು ತೋರಿಸಲೆಂದೇ ಅವನು ಫೋನ್ ತೆರೆದ. ಅವನ ಐದು ನಕ್ಷತ್ರದ ಕೆಳಗೆ, ಅವನ 'ಕಣ್ಣು ಮುಚ್ಚಿ ತಗೊಳ್ಳಿ' ಎಂಬ ಉತ್ತರದ ಕೆಳಗೆ, ಹೊಸದೊಂದು ಬರಹ ಇತ್ತು. ಅವನು ಓದಿ ಫೋನನ್ನು ಮಗುಚಿಟ್ಟ. ಹೆಂಡತಿ ಎತ್ತಿಕೊಂಡು ಗಟ್ಟಿಯಾಗಿ ಓದಿದಳು. ನೀವು ಹೇಳಿದಿರೆಂದು ತಂದೆಯವರಿಗೆ ತರಿಸಿದೆ. ಎಷ್ಟು ಒತ್ತಿದರೂ ಆಗುತ್ತಿಲ್ಲ. ನಿಮಗೆ ಚೆನ್ನಾಗಿ ಬಂದಿದೆ ಎಂದರೆ ದೋಷ ತಮ್ಮ ಕೈಯಲ್ಲೇ ಇರಬೇಕು ಎನ್ನುತ್ತಾರೆ. ಮೂರು ದಿನದಿಂದ ವ್ಯಾಯಾಮ ಬಿಟ್ಟಿದ್ದಾರೆ.

ಅಜ್ಜಿ ಮಗನ ಕಡೆ ತಿರುಗಿದರು. "ಅಲ್ಲೂ ಒಬ್ಬರು ಸೂಜಿಡಬ್ಬಿ ಕೊಟ್ಟುಬಿಡೋಕೆ ಹೊರಟಿದಾರೆ ಕಣೋ. ಬರಿ."

ಅವನು ಬರೆದ. ಮೊದಲು ಬರೆದದ್ದು: ಮೋಸಗಾರರು, ಯಾರೂ ತಗೋಬೇಡಿ. ಹೆಂಡತಿ ಅದನ್ನು ಅಳಿಸಿಹಾಕಿದಳು. ಮೊನ್ನೆ ಕಣ್ಣು ಮುಚ್ಚಿ ಹೊಗಳಿದಿರಿ, ಇವತ್ತು ಕಣ್ಣು ಮುಚ್ಚಿ ಬಯ್ಯುತ್ತಿದ್ದೀರಿ, ಕಣ್ಣು ತೆರೆಯೋದು ಯಾವಾಗ ಎಂದಳು. ಫಿಸಿಯೋ ಹುಡುಗಿಯೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದಳು. ಮೋಸ ಮಾಡಿದರೋ ಇಲ್ಲವೋ ನಮಗೆ ಗೊತ್ತಿಲ್ಲ. ನಮಗೆ ಗೊತ್ತಿರುವುದು ಇಪ್ಪತ್ತು ಸಲ ಒತ್ತಿದ್ದು. ಗೊತ್ತಿರುವುದನ್ನು ಬರೆಯಿರಿ.

ಒಂದು ಗಂಟೆ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು:

"ಲಕ್ವ ಹೊಡೆದ ತಾಯಿಗಾಗಿ ತರಿಸಿದ್ದು. ಹನ್ನೆರಡು ದಿನ ಬಳಸಿದ್ದೇವೆ. ಬಲಗಡೆಯ ದೊಡ್ಡ ಬಟನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಆರೋಗ್ಯವಂತರು ಮೂವರು ಇಪ್ಪತ್ತಿಪ್ಪತ್ತು ಸಲ ಒತ್ತಿದೆವು. ಆಟ ಗುರುತಿಸಿದ್ದು ಹನ್ನೆರಡು, ಹದಿಮೂರು, ಹನ್ನೊಂದು ಸಲ. ಎಡಗಡೆಯ ಬಟನ್‌ಗಳು ಸರಿ ಇವೆ. ಹಿಡಿ ಚೆನ್ನಾಗಿದೆ, ವೈರು ಉದ್ದವಾಗಿದೆ. ಆಟದ ಅಕ್ಷರ ತೀರ ಸಣ್ಣದು. ನಮಗೆ ಬಂದ ಒಂದರ ಬಗ್ಗೆ ಮಾತ್ರ ಹೇಳುತ್ತಿದ್ದೇವೆ. ಮೊದಲು ಐದು ನಕ್ಷತ್ರ ಕೊಟ್ಟಿದ್ದೆ. ಆಗ ಇನ್ನೂ ಬಳಸಿರಲಿಲ್ಲ. ತಪ್ಪು ನನ್ನದು."

ನಕ್ಷತ್ರ ಎರಡು. ತಂದೆಗೆ ತರಿಸಿದ್ದವರಿಗೆ ಬೇರೆಯಾಗಿ ಬರೆದ: ನಿಮ್ಮ ಕೈಯಿಂದಲೇ ಇಪ್ಪತ್ತು ಸಲ ಒತ್ತಿ ಎಣಿಸಿ ನೋಡಿ. ತಂದೆಯವರ ಕೈಯನ್ನು ಆಮೇಲೆ ಅನುಮಾನಿಸೋಣ.

ಎರಡು ದಿನಕ್ಕೆ ಮಾರಾಟಗಾರರ ಸಂದೇಶ ಬಂತು. ಆ ಬರಹ ತೆಗೆದರೆ ಇದಕ್ಕಿಂತ ದೊಡ್ಡ ಸೆಟ್ಟನ್ನೇ ಉಚಿತವಾಗಿ ಕಳಿಸುತ್ತಾರಂತೆ. ಸೂಪರಣ್ಣ ಅದನ್ನು ಅಂಗಡಿಯಲ್ಲಿ ಓದಿದ. ಕುರ್ಚಿಯಲ್ಲಿದ್ದ ಗಿರಾಕಿ, ತಗೊಂಡುಬಿಡು ಮಾರಾಯ, ಅದೃಷ್ಟ ಬಾಗಿಲು ತಟ್ಟಿದೆ ಎಂದ. ಇವನು ಕತ್ತರಿ ಕೆಳಗಿಟ್ಟು ಉತ್ತರ ಬರೆದ: "ಹಾಳಾದದ್ದಕ್ಕೆ ಬದಲಿ ಕೊಡಿ, ಸಾಕು. ಬರಹ ಇರುತ್ತೆ. ಬದಲಿ ಚೆನ್ನಾಗಿದ್ರೆ ಅದನ್ನೂ ಬರೀತೀನಿ." ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರಿಗೂ ಇಷ್ಟು ನೆಟ್ಟಗೆ ಮಾತಾಡಿದ್ದಿಲ್ಲ. ಅಂದು ಮನೆಗೆ ಬಂದವನ ನಡಿಗೆಯೇ ಬೇರೆ ಇತ್ತು ಎನ್ನುತ್ತಾಳೆ ಹೆಂಡತಿ.

ಡಬ್ಬಿ, ಬಿಲ್ಲು ಎರಡನ್ನೂ ಹೆಂಡತಿ ಜೋಪಾನ ಮಾಡಿದ್ದರಿಂದ ಬದಲಿ ಬಂತು. ಈ ಸಲ ಮೊದಲು ಮಗನೇ ಒತ್ತಿದ, ಇಪ್ಪತ್ತಕ್ಕೆ ಇಪ್ಪತ್ತು. ಆಮೇಲೆ ಅಜ್ಜಿ ಒತ್ತಿದರು, ಇಪ್ಪತ್ತಕ್ಕೆ ಒಂಬತ್ತು. ಮಗನ ಮುಖ ಬಾಡಿದ್ದನ್ನು ಕಂಡು ಅಜ್ಜಿ ಗದರಿದರು. "ಯಾಕೋ ಸಪ್ಪೆ ಮುಖ? ಈ ಒಂಬತ್ತು ಪೂರಾ ನಂದು. ತಪ್ಪಿದ ಹನ್ನೊಂದೂ ನಂದೇ. ಇನ್ನು ಲೆಕ್ಕ ನನಗೂ ಬೆರಳಿಗೂ."

ಮೂರು ವಾರಕ್ಕೆ ಅದು ಹದಿನಾರಾಯಿತು. ಆ ದಿನ ಅಜ್ಜಿ ಫೋನ್ ಕೇಳಿ ತೆಗೆದುಕೊಂಡು, ಅದೇ ಹೆಬ್ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಬರೆದರು: ಬದಲಿ ಸರಿ ಇದೆ. ಮೊದಲನೆಯದು ಕೆಟ್ಟಿತ್ತು. ಅಕ್ಷರ ಇನ್ನೂ ಸಣ್ಣದು. ಕೆರೆ ಚೆನ್ನಾಗಿದೆ. ಮೂರು ನಕ್ಷತ್ರ. ಸೊಸೆಯ ಕೆಂಪು ಶಾಯಿಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಕೆಳಗೆ ಮೊದಲ ಉತ್ತರ ಬಂದದ್ದು ಆ ಗುರುತಿಲ್ಲದವರಿಂದ. ಅವರಲ್ಲಿಯೂ ಬಟನ್ನೇ ಕೆಟ್ಟಿತ್ತು, ಬದಲಾಯಿಸಿಕೊಂಡರು, ತಂದೆ ಮತ್ತೆ ಆಡುತ್ತಿದ್ದಾರೆ, ನಾಲ್ಕನೆಯ ಹಂತ ದಾಟಿದ್ದಾರೆ. ಅಜ್ಜಿ ಕೇಳಿ ಹುಬ್ಬೇರಿಸಿದರು. "ನಾಲ್ಕನೇದಾ? ನಾನಿನ್ನೂ ಮೂರರಲ್ಲೇ ಇದೀನಲ್ಲ. ಕೊಡಿ ಇಲ್ಲಿ ರಿಮೋಟು."

ಕಪಾಟಿನಿಂದ ಸೂಜಿಡಬ್ಬಿ ಹೊರಬಂದದ್ದು ಅದಾದ ಒಂದು ತಿಂಗಳಿಗೆ. ಮಗ ಅಂಗಡಿಯಲ್ಲಿ ಹಾಕಿಕೊಳ್ಳುವ ಬಿಳಿ ಕೋಟಿಗೆ ಅಜ್ಜಿ ಒಂದು ಕಾಜಾ ಹಾಕಿದರು. ಮೊದಲಾದರೆ ಹತ್ತು ನಿಮಿಷದ ಕೆಲಸ, ಈಗ ಇಡೀ ಬೆಳಗು ಹಿಡಿಯಿತು. ಹೇಗಿದೆ ಹೇಳು ಎಂದು ಮಗನ ಮುಂದೆ ಹಿಡಿದರು.

ಅವನ ಬಾಯಿಗೆ ಆ ಹಳೆಯ ಮಾತು ಬಂತು. ತುಟಿಯವರೆಗೂ ಬಂತು. ಅವನು ಅದನ್ನು ನುಂಗಿಕೊಂಡು ಕೋಟನ್ನು ಕಿಟಕಿಯ ಬೆಳಕಿಗೆ ಒಯ್ದ. ಗುಂಡಿ ಹಾಕಿ ತೆಗೆದ. ಹಾಕಿ ತೆಗೆದ. ಮತ್ತೊಮ್ಮೆ ಹಾಕಿ ತೆಗೆದ.

"ಮೇಲ್ಗಡೆ ಒಂದೆರಡು ಹೊಲಿಗೆ ಸಡಿಲ ಇದೆ ಅಮ್ಮ," ಎಂದ. "ಆದ್ರೆ ಗುಂಡಿ ಗಟ್ಟಿಯಾಗಿ ಕೂರುತ್ತೆ."

ಅಜ್ಜಿ ಕೋಟನ್ನು ಕಿತ್ತುಕೊಂಡು ತಾವೂ ನೋಡಿದರು. ಹೌದು, ಸಡಿಲವೇ. ಆಕೆಯ ಮುಖ ಅರಳಿತು. "ಕೂರುತ್ತೆ ಅಂತ ನೀನು ಹೇಳಿದ್ದನ್ನ ಈಗ ನಂಬಬಹುದು ನೋಡು," ಎಂದರು.

ಓದುಗರೇ, ನಿಮ್ಮ ಮನೆಗೂ ನಾಳೆಯೋ ನಾಡಿದ್ದೋ ಒಂದು ಡಬ್ಬಿ ಬರುತ್ತದೆ. ಫೋನ್ ಇರಬಹುದು, ಆಟದ ಸಾಮಾನು ಇರಬಹುದು, ಮಿಕ್ಸಿ ಇರಬಹುದು. ಡಬ್ಬಿಯನ್ನೂ ಬಿಲ್ಲನ್ನೂ ಎತ್ತಿಡಿ. ವಾಪಸಾತಿಯ ಗಡುವು ಮುಗಿಯುವ ಮೊದಲೇ ಚೆನ್ನಾಗಿ ಬಳಸಿ ನೋಡಿ. ನಕ್ಷತ್ರಕ್ಕೆ ಉಡುಗೊರೆ ಕೊಡುತ್ತೇವೆ ಎನ್ನುವ ಚೀಟಿ ಕಂಡರೆ ಹರಿದು ಹಾಕಿ. ಆಮೇಲೆ ಎಷ್ಟು ದಿನ ಬಳಸಿದಿರಿ, ಏನು ಸರಿ ಇದೆ, ಏನು ಸರಿಯಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ಹೊಗಳಿಕೆ ಬೇಡ, ಬೈಗುಳವೂ ಬೇಡ, ಕಂಡದ್ದು ಸಾಕು. ಎಲ್ಲೋ ಒಂದು ಮನೆಯಲ್ಲಿ ಯಾರೋ ತಮ್ಮ ಕೈಯನ್ನೇ ಶಂಕಿಸುತ್ತ ಕುಳಿತಿರಬಹುದು. ನಿಮ್ಮ ಆ ನಾಲ್ಕು ಸಾಲು ಅವರಿಗೆ ತಲುಪಲಿ.